ಒಂದೇ ಒಂದು ಹಕ್ಕಿಗಾಗಿ ಬರುವವರು

(ಪ್ರವಾಸೋದ್ಯಮ ಓದುತ್ತಿರುವ ಪದವಿ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

2019ರಲ್ಲಿ ನಮ್ಮ ದೇಶಕ್ಕೆ ಬಂದ ವಿದೇಶಿ ಪ್ರವಾಸಿಗರು ಸುಮಾರು 1 ಕೋಟಿ 9 ಲಕ್ಷ. ಕೊರೊನಾ ಬಂತು, 2021ರಲ್ಲಿ ಅದು 15 ಲಕ್ಷಕ್ಕೆ ಕುಸಿಯಿತು. 2023ರ ಹೊತ್ತಿಗೆ ಮತ್ತೆ 95 ಲಕ್ಷಕ್ಕೆ ಬಂತು. ಈ ಅಂಕಿಗಳು ನಿಮ್ಮ ಪಠ್ಯದಲ್ಲಿವೆ, ಪರೀಕ್ಷೆಗೂ ಬರುತ್ತವೆ. ಆದರೆ ಇವತ್ತು ನಾನು ಯಾರ ಬಗ್ಗೆ ಮಾತಾಡಬೇಕು ಅಂತ ಬಂದಿದ್ದೇನೋ ಆ ಪ್ರವಾಸಿ ಈ ಅಂಕಿಗಳಲ್ಲಿ ಕಾಣಿಸುವುದೇ ಇಲ್ಲ. ವಿಮಾನ ನಿಲ್ದಾಣದಲ್ಲಿ ಬಂದ ಉದ್ದೇಶ ಏನು ಅಂತ ಕೇಳುತ್ತಾರೆ. ವಿರಾಮ, ವ್ಯಾಪಾರ, ಚಿಕಿತ್ಸೆ, ಭಾರತೀಯ ಮೂಲದವರ ಭೇಟಿ, ಇಂಥ ಕೆಲವು ದೊಡ್ಡ ದೊಡ್ಡ ಖಾನೆಗಳಿವೆ. ಬೆಳಗಿನ ಜಾವ ಕಾಡಿನಲ್ಲಿ ಒಂದು ಹಕ್ಕಿಯ ಕೂಗು ಕೇಳುವುದಕ್ಕೆಂದೇ ಹತ್ತು ಸಾವಿರ ಕಿಲೋಮೀಟರ್ ಹಾರಿ ಬಂದವನೂ, ಆಗ್ರಾದಲ್ಲಿ ಇಳಿದು ತಾಜ್‌ಮಹಲ್ ಮುಂದೆ ಫೋಟೋ ತೆಗೆಸಿಕೊಂಡು ಮರುದಿನ ಜೈಪುರಕ್ಕೆ ಹೋಗುವವನೂ ಅಲ್ಲಿ ಒಂದೇ ಖಾನೆಗೆ ಬೀಳುತ್ತಾರೆ. ಇಬ್ಬರೂ 'ವಿರಾಮ'.

ಈ ಮೊದಲನೆಯವನನ್ನು ಕರೆಸಿಕೊಳ್ಳುವ ಕೆಲಸಕ್ಕೆ ನಿಶ್ ಟೂರಿಸಂ ಅನ್ನುತ್ತಾರೆ. ನಾನು ವಿಶೇಷ ಆಸಕ್ತಿಯ ಪ್ರವಾಸ ಅಂತಲೇ ಹೇಳುತ್ತಾ ಹೋಗುತ್ತೇನೆ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಹತ್ತಿರ ಇದರದ್ದೊಂದು ಪಟ್ಟಿಯೇ ಇದೆ: ಹಡಗಿನ ವಿಹಾರ, ಸಾಹಸ, ವೈದ್ಯಕೀಯ, ಸ್ವಾಸ್ಥ್ಯ, ಗಾಲ್ಫ್, ಪೋಲೋ, ಸಭೆ-ಸಮ್ಮೇಳನ, ಪರಿಸರ, ಸಿನಿಮಾ ಚಿತ್ರೀಕರಣ ಹೀಗೆ. ಪಟ್ಟಿಯ ಹಿಂದಿನ ಯೋಚನೆ ಸರಳ. ನಮ್ಮ ಪ್ರವಾಸೋದ್ಯಮ ಚಳಿಗಾಲದ್ದು, ಅದರಲ್ಲೂ ದೆಹಲಿ, ಆಗ್ರಾ, ಜೈಪುರ, ಕೇರಳ, ಗೋವಾ ಇಷ್ಟರ ಸುತ್ತಲೇ ತಿರುಗುವಂಥದ್ದು. ವಿಶೇಷ ಆಸಕ್ತಿ ಇರುವವನು ಬೇರೆ ತಿಂಗಳಲ್ಲೂ ಬರುತ್ತಾನೆ, ಬೇರೆ ಊರಿಗೂ ಹೋಗುತ್ತಾನೆ, ಹೆಚ್ಚು ದಿನ ಉಳಿಯುತ್ತಾನೆ, ಮತ್ತೆ ಮತ್ತೆ ಬರುತ್ತಾನೆ. ಪಟ್ಟಿ ತಪ್ಪಲ್ಲ. ಆದರೆ ಪಟ್ಟಿ ಮಾಡಿದ ಮಾತ್ರಕ್ಕೆ ಯಾರೂ ಬರುವುದಿಲ್ಲ. ಹಾಗಾದರೆ ಏನನ್ನು ನಂಬಿ ಬರುತ್ತಾರೆ? ಇವತ್ತಿನ ಮಾತೆಲ್ಲ ಅದರ ಬಗ್ಗೆಯೇ.

ಅರುಣಾಚಲ ಪ್ರದೇಶದ ಪಶ್ಚಿಮ ಕಮೆಂಗ್ ಜಿಲ್ಲೆಯಲ್ಲಿ ಈಗಲ್‌ನೆಸ್ಟ್ ಅಂತ ಒಂದು ವನ್ಯಧಾಮ ಇದೆ. 1995ರಲ್ಲಿ ರಮಣ ಆತ್ರೇಯ ಅಲ್ಲಿ ಗುರುತು ಹತ್ತದ ಒಂದು ಹಕ್ಕಿ ನೋಡಿದರು. ಅವರು ವೃತ್ತಿಯಿಂದ ಖಗೋಳ ವಿಜ್ಞಾನಿ, ಹಕ್ಕಿ ಅವರ ಹುಚ್ಚು. ಅದೇ ಹಕ್ಕಿ ಮತ್ತೆ ಕಣ್ಣಿಗೆ ಬೀಳುವುದಕ್ಕೆ ಸುಮಾರು ಹತ್ತು ವರ್ಷ ಹಿಡಿಯಿತು. 2006ರಲ್ಲಿ ಅದನ್ನು ಹೊಸ ಪ್ರಭೇದ ಅಂತ ಜಗತ್ತಿಗೆ ಪರಿಚಯಿಸಿದರು. ಹೊಸ ಹಕ್ಕಿ ಸಿಕ್ಕಿದರೆ ಒಂದನ್ನು ಕೊಂದು ಮ್ಯೂಸಿಯಂನಲ್ಲಿ ಇಡುವುದು ವಿಜ್ಞಾನದ ವಾಡಿಕೆ. ಆತ್ರೇಯ ಅದನ್ನು ಒಪ್ಪಲಿಲ್ಲ. ಇರುವುದೇ ಬೆರಳೆಣಿಕೆಯಷ್ಟು ಹಕ್ಕಿ, ಅದರಲ್ಲಿ ಒಂದನ್ನು ಹೇಗೆ ಕೊಲ್ಲುವುದು ಅನ್ನುವುದು ಅವರ ನಿಲುವು. ಬಲೆಗೆ ಬಿದ್ದ ಹಕ್ಕಿಯ ಫೋಟೋ ತೆಗೆದು, ಅಳತೆ ಬರೆದುಕೊಂಡು, ಉದುರಿದ ಒಂದೆರಡು ಗರಿ ಇಟ್ಟುಕೊಂಡು ಹಾರಿಬಿಟ್ಟರು. ಹೆಸರು ಇಡುವಾಗ ಆ ಕಾಡಿನ ಅಂಚಿನಲ್ಲಿ ಬದುಕುವ ಬುಗುನ್ ಜನರ ಹೆಸರನ್ನೇ ಇಟ್ಟರು: ಬುಗುನ್ ಲಿಯೋಸಿಕ್ಲಾ. ಪಿಕಳಾರದಷ್ಟೇ ಗಾತ್ರ, ಬೂದಿ ಬೆರೆತ ಹಸಿರು ಮೈ, ತಲೆಗೆ ಕಪ್ಪು ಟೋಪಿ, ರೆಕ್ಕೆಯಲ್ಲಿ ಕೆಂಪು-ಹಳದಿ ಗೀರು.

ಆಮೇಲೆ ನಡೆದದ್ದೇ ನಮಗೆ ಪಾಠ. ಹಕ್ಕಿ ವೀಕ್ಷಕರ ಲೋಕ ಚಿಕ್ಕದು, ಆದರೆ ಅಲ್ಲಿ ಸುದ್ದಿ ಬೇಗ ಹಬ್ಬುತ್ತದೆ. ಬೇರೆಲ್ಲೂ ಸಿಗದ ಹಕ್ಕಿ ಒಂದು ಕಡೆ ಸಿಗುತ್ತದೆ ಅಂದರೆ ಬ್ರಿಟನ್, ಅಮೆರಿಕ, ಯುರೋಪಿನ ವೀಕ್ಷಕರು ಹೊರಟೇಬಿಡುತ್ತಾರೆ. ಸರ್ಕಾರದ ಒಂದು ಜಾಹೀರಾತೂ ಬೇಕಾಗಲಿಲ್ಲ. ಬೇಕಾದದ್ದು ಕಾಡಿನಲ್ಲಿ ಇರಲು ಡೇರೆ, ಬಿಸಿನೀರು, ಊಟ, ಎಲ್ಲಕ್ಕಿಂತ ಮುಖ್ಯವಾಗಿ ಹಕ್ಕಿ ಎಲ್ಲಿದೆ ಅಂತ ಗೊತ್ತಿರುವ ಮನುಷ್ಯ. ಬುಗುನ್ ಹುಡುಗರು ಅದನ್ನು ಕಲಿತರು, ಕ್ಯಾಂಪುಗಳನ್ನು ನಡೆಸಿದರು. 2017ರಲ್ಲಿ ಸಿಂಗ್‌ಚುಂಗ್ ಹಳ್ಳಿಯವರು ತಮ್ಮದೇ ಸಮುದಾಯದ ಕಾಡಿನಲ್ಲಿ 17 ಚದರ ಕಿಲೋಮೀಟರನ್ನು ಸಮುದಾಯ ಮೀಸಲು ಅರಣ್ಯ ಮಾಡಿಕೊಂಡರು. ಯೋಚನೆ ಮಾಡಿ. ಮರ ಕಡಿದು ಮಾರಿದ್ದರೆ ಒಂದು ಸಲ ದುಡ್ಡು ಬರುತ್ತಿತ್ತು. ಆ ಮರದ ಮೇಲೆ ಕೂರುವ ಹಕ್ಕಿಯ ಹೆಸರು ಹೇಳಬಲ್ಲ ಹುಡುಗನಿಗೆ ಪ್ರತಿ ವರ್ಷ ದುಡ್ಡು ಬರುತ್ತದೆ.

ನಾನು ಹೇಳಬೇಕಾದ ಮುಖ್ಯ ಮಾತು ಇಲ್ಲಿಯೇ ಇದೆ. ವಿಶೇಷ ಆಸಕ್ತಿಯ ಪ್ರವಾಸಿ ಜಾಗಕ್ಕಾಗಿ ಬರುವುದಕ್ಕಿಂತ ಆ ಜಾಗವನ್ನು ಬಲ್ಲ ಮನುಷ್ಯನನ್ನು ನಂಬಿ ಬರುತ್ತಾನೆ. ಗೈಡು, ಗುರು, ವೈದ್ಯ, ಬೆಟ್ಟ ಏರುವಾಗ ಹಗ್ಗ ಹಿಡಿಯುವವನು, ದುಭಾಷಿ, ಇವರಲ್ಲಿ ಯಾರಾದರೂ ಆಗಬಹುದು. ದೇಶವೊಂದು ಇಂಥ ಪ್ರವಾಸವನ್ನು ಬೆಳೆಸಬೇಕಾದರೆ ಆ ಮನುಷ್ಯನನ್ನು ಹುಡುಕಬೇಕು, ಅವನಿಗೆ ತರಬೇತಿ ಕೊಡಬೇಕು, ಅವನ ಮತ್ತು ಅತಿಥಿಯ ನಡುವೆ ನಿಂತಿರುವ ಕಾಗದಪತ್ರದ ಅಡ್ಡಿಗಳನ್ನು ತೆಗೆಯಬೇಕು. ಪೋಸ್ಟರ್ ಆಮೇಲಿನ ಮಾತು.

ಇದಕ್ಕೆ ನಮ್ಮ ಕರ್ನಾಟಕದಲ್ಲೇ ಜಗತ್ತು ಒಪ್ಪಿದ ಉದಾಹರಣೆ ಇದೆ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ 1930ರ ದಶಕದಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ, ತಿರುಮಲೈ ಕೃಷ್ಣಮಾಚಾರ್ಯರು ಯೋಗಶಾಲೆ ನಡೆಸುತ್ತಿದ್ದರು. ಅವರ ಶಿಷ್ಯರಲ್ಲಿ ಬಿ.ಕೆ.ಎಸ್. ಅಯ್ಯಂಗಾರ್ ಪುಣೆಗೆ ಹೋದರು, ಪಟ್ಟಾಭಿ ಜೋಯಿಸ್ ಮೈಸೂರಲ್ಲೇ ಉಳಿದು 1948ರಲ್ಲಿ ಲಕ್ಷ್ಮೀಪುರಂನಲ್ಲಿ ಸಂಸ್ಥೆ ಕಟ್ಟಿದರು. 1964ರಲ್ಲಿ ಆಂದ್ರೆ ವಾನ್ ಲಿಸೆಬೆತ್ ಎಂಬ ಬೆಲ್ಜಿಯಂನವರು ಬಂದು ಕಲಿತು ಹೋದರು, ತಮ್ಮ ಬರಹದಲ್ಲಿ ಜೋಯಿಸರ ಬಗ್ಗೆ ಹೇಳಿದರು. ಅದನ್ನು ಓದಿದವರು ಒಬ್ಬೊಬ್ಬರಾಗಿ ಬರತೊಡಗಿದರು. ಆಮೇಲೆ ಶಾಲೆ ಗೋಕುಲಂಗೆ ಬಂತು. ಇವತ್ತು ನ್ಯೂಯಾರ್ಕಲ್ಲಾಗಲಿ ಟೋಕಿಯೋದಲ್ಲಾಗಲಿ ಅಷ್ಟಾಂಗ ಯೋಗದ ತರಗತಿಯ ಬೋರ್ಡಿನ ಮೇಲೆ 'ಮೈಸೂರ್' ಅಂತ ಬರೆದಿದ್ದರೆ, ಪ್ರತಿಯೊಬ್ಬರೂ ತಮ್ಮ ತಮ್ಮ ವೇಗದಲ್ಲಿ ಅಭ್ಯಾಸ ಮಾಡುವ, ಗುರು ಹತ್ತಿರ ಬಂದು ತಿದ್ದುವ ಕ್ರಮ ಅಂತಲೇ ಅರ್ಥ. ಒಂದು ಊರಿನ ಹೆಸರೇ ಒಂದು ವಿದ್ಯೆಯ ಹೆಸರಾಗಿದೆ. ಯಾವ ಜಾಹೀರಾತು ಕಂಪನಿಗೆ ಎಷ್ಟು ಕೋಟಿ ಕೊಟ್ಟರೂ ಇದು ಸಿಗುವಂಥದ್ದಲ್ಲ.

ಗೋಕುಲಂನ ಬೀದಿಗಳಲ್ಲಿ ಓಡಾಡಿದರೆ ಇದರ ಲೆಕ್ಕಾಚಾರ ಕಣ್ಣಿಗೇ ಕಾಣುತ್ತದೆ. ಬೆಳಗಿನ ಜಾವ ಚಾಪೆ ಸುತ್ತಿಕೊಂಡು ಹೊರಟವರು, ಅಭ್ಯಾಸ ಮುಗಿಸಿ ಎಳನೀರಿನ ಗಾಡಿ ಮುಂದೆ ನಿಂತವರು, ತಿಂಗಳ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಮನೆ ಮಹಡಿಗಳು, ಸ್ಕೂಟರ್ ಬಾಡಿಗೆ, ಸಂಸ್ಕೃತ ಹೇಳಿಕೊಡುವವರು, ಅಡುಗೆ ಕಲಿಸುವವರು. ಅರಮನೆ ನೋಡಲು ಬಂದವನು ಮೈಸೂರಲ್ಲಿ ಒಂದು ರಾತ್ರಿ ಉಳಿದರೆ ಹೆಚ್ಚು. ಯೋಗಕ್ಕೆ ಬಂದವನು ಒಂದು ತಿಂಗಳು, ಎರಡು ತಿಂಗಳು ಇರುತ್ತಾನೆ. ಆ ದುಡ್ಡು ಒಂದು ದೊಡ್ಡ ಹೋಟೆಲಿಗೆ ಹೋಗದೆ ಬಡಾವಣೆಯ ಹತ್ತಾರು ಮನೆಗಳಿಗೆ ಹಂಚಿಹೋಗುತ್ತದೆ.

ಇದೇ ಕಥೆಯ ಇನ್ನೊಂದು ಮುಖವನ್ನೂ ಹೇಳಲೇಬೇಕು, ಮುಚ್ಚಿಡುವುದು ಸರಿಯಲ್ಲ. ಜೋಯಿಸರು 2009ರಲ್ಲಿ ತೀರಿಕೊಂಡರು. ನಂತರದ ವರ್ಷಗಳಲ್ಲಿ ಅವರ ಹಲವು ವಿದೇಶಿ ಶಿಷ್ಯೆಯರು, ಆಸನ ತಿದ್ದುವ ನೆಪದಲ್ಲಿ ತಮ್ಮ ಮೇಲೆ ಲೈಂಗಿಕ ದೌರ್ಜನ್ಯ ನಡೆದಿತ್ತು ಎಂದು ಬಹಿರಂಗವಾಗಿ ಹೇಳಿದರು. 2019ರಲ್ಲಿ ಮೊಮ್ಮಗ ಶರತ್ ಜೋಯಿಸ್ ಆ ನೋವಿಗೆ ಸಾರ್ವಜನಿಕವಾಗಿ ಕ್ಷಮೆ ಕೇಳಿದರು. ಒಬ್ಬ ವ್ಯಕ್ತಿಯ ಮೇಲಿನ ನಂಬಿಕೆಯಿಂದ ಪ್ರವಾಸ ಬೆಳೆಯುವ ಕಡೆ ಆ ನಂಬಿಕೆ ಮುರಿದರೆ ದೂರು ಕೊಡಲು ಎಲ್ಲಿಗೆ ಹೋಗಬೇಕು ಅನ್ನುವುದನ್ನೂ ವ್ಯವಸ್ಥೆ ಹೇಳಬೇಕು. ಸಚಿವಾಲಯ 1363 ಎಂಬ ಸಹಾಯವಾಣಿ ನಡೆಸುತ್ತದೆ, ಹಗಲೂ ರಾತ್ರಿಯೂ, 12 ಭಾಷೆಗಳಲ್ಲಿ. ಒಳ್ಳೆಯದೇ. ಆದರೆ ಒಬ್ಬ ಶಿಷ್ಯೆ ತನ್ನ ಗುರುವಿನ ಮೇಲೆ ದೂರು ಕೊಡುವುದು ಟ್ಯಾಕ್ಸಿಯವನು ಹೆಚ್ಚು ದುಡ್ಡು ಕೇಳಿದ ಅಂತ ದೂರು ಕೊಟ್ಟಷ್ಟು ಸುಲಭ ಅಲ್ಲ. ಶಾಲೆಗಳಿಗೆ ಮಾನ್ಯತೆ ಕೊಡುವವರು ಈ ಪ್ರಶ್ನೆಯನ್ನು ಮೊದಲು ಕೇಳಬೇಕು, ಕೊಠಡಿ ಎಷ್ಟು ಅಡಿ ಉದ್ದ ಅಂತ ಆಮೇಲೆ ಕೇಳಲಿ.

ಸರ್ಕಾರ ಚೆನ್ನಾಗಿ ಮಾಡಿದ ಕೆಲಸಕ್ಕೆ ಪಕ್ಕದ ಕೇರಳ ನೋಡಿ. ಮಳೆಗಾಲ ಅಂದರೆ ಪ್ರವಾಸೋದ್ಯಮಕ್ಕೆ ಬಾಗಿಲು ಹಾಕುವ ಕಾಲ. ಆದರೆ ಆಯುರ್ವೇದದಲ್ಲಿ ಮಳೆಗಾಲವೇ ಚಿಕಿತ್ಸೆಗೆ ಹೇಳಿ ಮಾಡಿಸಿದ ಕಾಲ, ಮಲಯಾಳಿಗಳ ಕರ್ಕಾಟಕ ಮಾಸದ ಔಷಧೋಪಚಾರ ಹಳೆಯ ಪದ್ಧತಿ. ಕೇರಳ ಪ್ರವಾಸೋದ್ಯಮದವರು ಆ ಮಾತನ್ನೇ ಹೊರಗಿನವರಿಗೆ ಹೇಳಿದರು. ಮಳೆ ಬಂದಾಗ ಬನ್ನಿ, ಎರಡು ಮೂರು ವಾರ ಇದ್ದು ಪಂಚಕರ್ಮ ಮಾಡಿಸಿಕೊಂಡು ಹೋಗಿ ಅಂದರು. ಜರ್ಮನಿಯವರು ಅದನ್ನು ಕೇಳಿಸಿಕೊಂಡರು, ಬಂದರು. ಬಂದವರಿಗೆ ನಿಜವಾದ ವೈದ್ಯ ಯಾರು, ಎಣ್ಣೆ ಹಚ್ಚಿ ಕಳಿಸುವ ಅಂಗಡಿ ಯಾವುದು ಅಂತ ಗೊತ್ತಾಗುವುದು ಹೇಗೆ? ಅದಕ್ಕೆ ಗ್ರೀನ್ ಲೀಫ್, ಆಲಿವ್ ಲೀಫ್ ಅಂತ ಆಯುರ್ವೇದ ಕೇಂದ್ರಗಳಿಗೆ ಶ್ರೇಣಿ ಕೊಟ್ಟರು. ಬಾಗಿಲ ಮೇಲಿನ ಒಂದು ಎಲೆಯ ಗುರುತು ಎಷ್ಟು ಕೆಲಸ ಮಾಡುತ್ತದೆ ನೋಡಿ. ಭಾಷೆ ಬರದ ಊರಿನಲ್ಲಿ ತನ್ನ ದೇಹವನ್ನು ಇನ್ನೊಬ್ಬರ ಕೈಗೆ ಒಪ್ಪಿಸುವವನಿಗೆ ಬೇಕಾದದ್ದು ಆ ಭರವಸೆ.

ಚಿಕಿತ್ಸೆಗೆ ಬರುವವರ ವಿಷಯ ಇನ್ನೂ ದೊಡ್ಡದು. 2019ರಲ್ಲಿ ಸುಮಾರು 7 ಲಕ್ಷ ವಿದೇಶಿಯರು ಚಿಕಿತ್ಸೆಗೆಂದೇ ಭಾರತಕ್ಕೆ ಬಂದರು, 2023ರಲ್ಲಿ 6 ಲಕ್ಷಕ್ಕೂ ಹೆಚ್ಚು. ಇವರಲ್ಲಿ ಬಹುಪಾಲು ಜನ ಲಂಡನ್ನಿಂದಲೋ ಪ್ಯಾರಿಸ್ಸಿಂದಲೋ ಬಂದವರಲ್ಲ, ಬಾಂಗ್ಲಾದೇಶದವರು. ವೆಲ್ಲೂರಿನ ಸಿಎಂಸಿ ಆಸ್ಪತ್ರೆಯ ಎದುರಿನ ಬೀದಿಗಳಲ್ಲಿ ತಮಿಳಿನ ಜೊತೆ ಬಂಗಾಳಿ ಅಕ್ಷರದ ಬೋರ್ಡುಗಳಿವೆ, ಬಂಗಾಳಿ ಅಡುಗೆಯ ಮೆಸ್ಸುಗಳಿವೆ, ರೋಗಿಯ ಮನೆಯವರೇ ಅಡುಗೆ ಮಾಡಿಕೊಳ್ಳಲು ಅನುಕೂಲ ಇರುವ ಲಾಡ್ಜುಗಳಿವೆ. ಪಶ್ಚಿಮ ಬಂಗಾಳದವರೂ ಬರುತ್ತಾರೆ, ಗಡಿಯಾಚೆಯವರೂ ಬರುತ್ತಾರೆ. ತಿಂಗಳುಗಟ್ಟಲೆ ಊರು ಬಿಟ್ಟು ಬಂದ ತಾಯಿಗೆ ತನ್ನ ಭಾಷೆಯಲ್ಲಿ ಅನ್ನ-ಮೀನು ಕೇಳಲು ಸಾಧ್ಯವಾಗುವುದು ಸಣ್ಣ ಸಂಗತಿ ಅಲ್ಲ. ಇದನ್ನು ಯಾವ ಇಲಾಖೆಯೂ ಯೋಜನೆ ಹಾಕಿ ಮಾಡಲಿಲ್ಲ, ಬೀದಿಯೇ ಮಾಡಿಕೊಂಡಿತು. ಸರ್ಕಾರ ಮಾಡಿದ ಒಳ್ಳೆಯ ಕೆಲಸ ವೀಸಾದ್ದು. 2014ರ ನವೆಂಬರ್‌ನಲ್ಲಿ ಆನ್‌ಲೈನ್ ಪ್ರವಾಸಿ ವೀಸಾ ಶುರುವಾಯಿತು, 2017ರಲ್ಲಿ ಇ-ಮೆಡಿಕಲ್ ವೀಸಾ ಬೇರೆಯಾಯಿತು, ರೋಗಿಯ ಜೊತೆ ಬರುವವರಿಗೂ ವೀಸಾ ಬಂತು, 2023ರಲ್ಲಿ ಆಯುಷ್ ಚಿಕಿತ್ಸೆಗೆಂದೇ ಒಂದು ವೀಸಾ ಬಂತು. ಇ-ಟೂರಿಸ್ಟ್ ವೀಸಾದಲ್ಲೇ ಅಲ್ಪಾವಧಿಯ ಯೋಗ ಶಿಬಿರಕ್ಕೂ ಅವಕಾಶ ಇದೆ. ಬಂದವನು ಯಾಕೆ ಬಂದ ಅಂತ ಅರ್ಥ ಮಾಡಿಕೊಂಡು ಕೊಟ್ಟ ವೀಸಾಗಳಿವು. ಆದರೆ 2024ರ ಆಗಸ್ಟ್‌ನಲ್ಲಿ ಢಾಕಾದಲ್ಲಿ ಸರ್ಕಾರ ಬಿದ್ದ ಮೇಲೆ ಭಾರತ ಅಲ್ಲಿನವರಿಗೆ ವೀಸಾ ಕೊಡುವುದನ್ನು ಬಹಳ ಕಡಿಮೆ ಮಾಡಿತು. ಕೋಲ್ಕತ್ತದ ಆಸ್ಪತ್ರೆಗಳ ಸುತ್ತಲಿನ ಲಾಡ್ಜು, ಔಷಧ ಅಂಗಡಿ, ಹಣ ವಿನಿಮಯದವರೆಲ್ಲ ತತ್ತರಿಸಿದರು. ಒಂದೇ ನೆರೆಯ ದೇಶದ ಮೇಲೆ ನಿಂತ ಪ್ರವಾಸ ಅದು.

ಗಾಲ್ಫ್, ಪೋಲೋ ಬಗ್ಗೆ ಹೆಚ್ಚು ಹೇಳುವುದಿಲ್ಲ. 1829ರ ರಾಯಲ್ ಕಲ್ಕತ್ತಾ ಗಾಲ್ಫ್ ಕ್ಲಬ್ ನಮ್ಮಲ್ಲಿದೆ, ಬ್ರಿಟಿಷ್ ದ್ವೀಪಗಳ ಹೊರಗೆ ಅದೇ ಅತ್ಯಂತ ಹಳೆಯದು. ಆಧುನಿಕ ಪೋಲೋ ಹುಟ್ಟಿದ್ದು ಮಣಿಪುರದ ಸಗೋಲ್ ಕಾಂಗ್ಜೈ ಆಟದಿಂದ, ಇಂಫಾಲದ ಮೈದಾನ ಈಗಲೂ ಇದೆ. ಹೆಮ್ಮೆಪಡಬೇಕಾದ ಸಂಗತಿಗಳೇ. ಆದರೆ ಗಾಲ್ಫ್ ಆಡುವವನಿಗೆ ಥಾಯ್ಲೆಂಡಲ್ಲೋ ಸ್ಪೇನಲ್ಲೋ ಸಿಗದ ಏನು ಇಲ್ಲಿ ಸಿಗುತ್ತದೆ ಎಂದು ಕೇಳಿದರೆ ಉತ್ತರ ಹುಡುಕಬೇಕಾಗುತ್ತದೆ. ಮಣಿಪುರಿ ಕುದುರೆ ಅಲ್ಲಿನದೇ ತಳಿ. ನನ್ನ ಕೈಗೆ ಈ ಬಾಬ್ತಿನ ದುಡ್ಡು ಕೊಟ್ಟರೆ ಅಷ್ಟನ್ನೂ ಆ ಕುದುರೆಗೆ ಮತ್ತು ಅದನ್ನು ಸಾಕುವವರಿಗೆ ಕೊಡುತ್ತೇನೆ.

ಈಗ ಸ್ವಲ್ಪ ನೋವಿನ ವಿಷಯ. ಬುದ್ಧ ಹುಟ್ಟಿದ್ದು ನೇಪಾಳದ ಲುಂಬಿನಿಯಲ್ಲಿ. ಜ್ಞಾನ ಪಡೆದದ್ದು, ಮೊದಲ ಉಪದೇಶ ಕೊಟ್ಟದ್ದು, ಪರಿನಿರ್ವಾಣ ಹೊಂದಿದ್ದು ಮೂರೂ ನಮ್ಮಲ್ಲಿ: ಬೋಧಗಯೆ, ಸಾರನಾಥ, ಕುಶಿನಗರ. ಥಾಯ್ಲೆಂಡ್, ಶ್ರೀಲಂಕಾ, ಮ್ಯಾನ್ಮಾರ್, ಜಪಾನ್, ವಿಯೆಟ್ನಾಂ, ಕೊರಿಯಾ, ಭೂತಾನ್, ಎಷ್ಟು ದೇಶದವರ ಪಾಲಿಗೆ ಇದು ಜೀವಮಾನದ ಯಾತ್ರೆ! ಸರ್ಕಾರ ಏನೂ ಮಾಡಿಲ್ಲ ಅನ್ನುವಂತಿಲ್ಲ. ಐಆರ್‌ಸಿಟಿಸಿ ಮಹಾಪರಿನಿರ್ವಾಣ ಎಕ್ಸ್‌ಪ್ರೆಸ್ ಓಡಿಸುತ್ತದೆ. 2021ರ ಅಕ್ಟೋಬರ್ 20ರಂದು ಕುಶಿನಗರದ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣ ಉದ್ಘಾಟನೆ ಆಯಿತು, ಕೊಲಂಬೋದಿಂದ ಭಿಕ್ಷುಗಳನ್ನು ಹೊತ್ತ ವಿಮಾನ ಬಂದಿಳಿಯಿತು. ಆದರೆ ಅದರ ಬೆನ್ನಿಗೆ ಬರಬೇಕಿದ್ದ ನಿಯಮಿತ ಅಂತಾರಾಷ್ಟ್ರೀಯ ವಿಮಾನಗಳು ಬರಲಿಲ್ಲ. ಅದೇ ಬೋಧಗಯೆಯ ಪಕ್ಕದ ಗಯಾಕ್ಕೆ ಚಳಿಗಾಲದಲ್ಲಿ ಬ್ಯಾಂಕಾಕ್‌ನಿಂದ, ಯಾಂಗೋನ್‌ನಿಂದ ವಿಮಾನ ಬರುತ್ತದೆ. ಯಾಕೆ? ಬೋಧಗಯೆಯಲ್ಲಿ ಒಂದೊಂದು ಬೌದ್ಧ ದೇಶದವರೂ ತಮ್ಮ ತಮ್ಮ ವಿಹಾರ ಕಟ್ಟಿಕೊಂಡಿದ್ದಾರೆ. ಥಾಯ್ ಯಾತ್ರಿಕ ಬಂದರೆ ಥಾಯ್ ಮಾತಾಡುವ ಭಿಕ್ಷು ಇದ್ದಾರೆ, ಅವರ ಪದ್ಧತಿಯ ಊಟ ಇದೆ, ಮಹಾಬೋಧಿ ವೃಕ್ಷದ ಕೆಳಗೆ ಅವರದೇ ಪಾಠದಲ್ಲಿ ಪಠಣ ಮಾಡಿಸುವವರು ಇದ್ದಾರೆ. ನಾನು ಆಗ ಹೇಳಿದ 'ಬಲ್ಲ ಮನುಷ್ಯ' ಅಲ್ಲಿ ಇದ್ದಾನೆ. ರನ್‌ವೇ ಅವನ ಜಾಗ ತುಂಬಲಾರದು.

ಸ್ಪೇನಿನ ಸ್ಯಾಂಟಿಯಾಗೋ ಯಾತ್ರೆಯ ಕಥೆ ಇದರ ಪಕ್ಕದಲ್ಲಿ ಇಟ್ಟು ನೋಡಬೇಕು. ಕ್ರೈಸ್ತ ಯಾತ್ರಿಕರು ನಡೆಯುತ್ತಿದ್ದ ಮಧ್ಯಯುಗದ ಆ ಕಾಲ್ನಡಿಗೆ ದಾರಿ ಹೆಚ್ಚುಕಡಿಮೆ ಸತ್ತೇಹೋಗಿತ್ತು. 1980ರ ದಶಕದ ಆರಂಭದಲ್ಲಿ ಯಾತ್ರೆ ಮುಗಿಸಿ ಪ್ರಮಾಣಪತ್ರ ಪಡೆಯುತ್ತಿದ್ದವರು ವರ್ಷಕ್ಕೆ ಕೆಲವೇ ನೂರು ಜನ. ಓ ಸೆಬ್ರೇರೋ ಎಂಬ ಬೆಟ್ಟದೂರಿನ ಪಾದ್ರಿ ಎಲಿಯಾಸ್ ವಲೀನ್ಯ ಹಳದಿ ಬಣ್ಣದ ಡಬ್ಬಿ ಹಿಡಿದು ಹೊರಟು, ಕವಲು ದಾರಿ ಬಂದ ಕಡೆಯಲ್ಲೆಲ್ಲ ಕಲ್ಲಿನ ಮೇಲೆ, ಮರದ ಮೇಲೆ, ಗೋಡೆಯ ಮೇಲೆ ಬಾಣದ ಗುರುತು ಬರೆದರು. ದಾರಿ ತಪ್ಪುವ ಭಯ ಹೋಯಿತು. ಊರೂರಲ್ಲಿ ಕಡಿಮೆ ಖರ್ಚಿನ ಯಾತ್ರಿ ನಿವಾಸಗಳು ತೆರೆದವು. ಯಾತ್ರಿಕನ ಕೈಗೊಂದು ಪುಸ್ತಿಕೆ, ಪ್ರತಿ ತಂಗುದಾಣದಲ್ಲೂ ಅದಕ್ಕೊಂದು ಮುದ್ರೆ. ಕೊನೆಯ 100 ಕಿಲೋಮೀಟರನ್ನಾದರೂ ನಡೆದವರಿಗೆ ಪ್ರಮಾಣಪತ್ರ. 1993ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. 2024ರಲ್ಲಿ ಪ್ರಮಾಣಪತ್ರ ಪಡೆದವರು ಸುಮಾರು 5 ಲಕ್ಷ, ಅರ್ಧಕ್ಕಿಂತ ಹೆಚ್ಚು ಜನ ಹೊರದೇಶದವರು. ಸಾರನಾಥದಿಂದ ಬೋಧಗಯೆಗೆ ನಡೆದು ಹೋಗಬೇಕೆನ್ನುವ ಕೊರಿಯಾದ ಯಾತ್ರಿಕನಿಗೆ ಇವತ್ತು ನಾವು ಯಾವ ದಾರಿ ತೋರಿಸುತ್ತೇವೆ? ಲಾರಿಗಳು ಓಡುವ ಹೆದ್ದಾರಿಯ ಅಂಚನ್ನು. ಬುದ್ಧ ನಡೆದೇ ಓಡಾಡಿದ ನೆಲ ಇದು. ನಡೆಯಲು ಒಂದು ದಾರಿ ಕೊಡುವುದಕ್ಕೆ ನೂರಾರು ಕೋಟಿ ಬೇಕಿಲ್ಲ.

ಇನ್ನು ಕಾಗದಪತ್ರದ ಅಡ್ಡಿ. 2019ರ ಆಗಸ್ಟ್‌ನಲ್ಲಿ ಕೇಂದ್ರ ಗೃಹ ಸಚಿವಾಲಯ 137 ಶಿಖರಗಳನ್ನು ವಿದೇಶಿ ಆರೋಹಿಗಳಿಗೆ ಮುಕ್ತ ಮಾಡಿತು. ಉತ್ತರಾಖಂಡದಲ್ಲಿ 51, ಹಿಮಾಚಲದಲ್ಲಿ 47, ಸಿಕ್ಕಿಂನಲ್ಲಿ 24, ಜಮ್ಮು-ಕಾಶ್ಮೀರದಲ್ಲಿ 15. ದೊಡ್ಡ ನಿರ್ಧಾರ, ಮೆಚ್ಚಬೇಕು. ಆದರೆ ಆರೋಹಿಯ ಚೀಲದಲ್ಲಿ ಏನಿರುತ್ತದೆ ಅಂತ ಯಾರಾದರೂ ಬಿಚ್ಚಿ ನೋಡಿದರೇ? ಅಂಗೈಯಗಲದ ಒಂದು ಉಪಗ್ರಹ ಸಂಪರ್ಕ ಸಾಧನ ಇರುತ್ತದೆ. ಮೊಬೈಲ್ ಸಿಗ್ನಲ್ ಇಲ್ಲದ ಹಿಮದಲ್ಲಿ ಕಾಲು ಮುರಿದರೆ ಅದೇ ಅವನ ಪ್ರಾಣ. ನಮ್ಮಲ್ಲಿ ಮೊದಲೇ ಅನುಮತಿ ಪಡೆಯದೆ ಅಂಥ ಸಾಧನ ತರುವುದು ಅಪರಾಧ. ಇತ್ತೀಚಿನ ವರ್ಷಗಳಲ್ಲಿ ಹಲವು ವಿದೇಶಿಯರು ಇದೇ ಕಾರಣಕ್ಕೆ ನಮ್ಮ ವಿಮಾನ ನಿಲ್ದಾಣಗಳಲ್ಲಿ ಪೊಲೀಸರ ವಶವಾದರು. ಭದ್ರತೆಯ ಕಾರಣ ಇದೆ, ಅದನ್ನು ನಾನು ಹಗುರವಾಗಿ ನೋಡುವುದಿಲ್ಲ. ಆದರೆ ಶಿಖರ ಏರಲು ಪರವಾನಗಿ ಕೊಡುವ ಅರ್ಜಿಯಲ್ಲೇ ಈ ಸಾಧನಕ್ಕೂ ಒಂದು ಸಾಲು ಇಟ್ಟು ನೋಂದಾಯಿಸಿಕೊಂಡರೆ ಎಷ್ಟು ಜನರ ಪಾಡು ತಪ್ಪುತ್ತದೆ! ಒಂದು ಇಲಾಖೆ ಬಾಗಿಲು ತೆರೆದಾಗ ಇನ್ನೊಂದು ಇಲಾಖೆಗೆ ಅದು ಗೊತ್ತಿರಬೇಕು.

ನಾಗಾಲ್ಯಾಂಡಿನ ಹಾರ್ನ್‌ಬಿಲ್ ಹಬ್ಬ, ಅಂದರೆ ಅಲ್ಲಿನ ಬುಡಕಟ್ಟುಗಳ ಸಾಂಸ್ಕೃತಿಕ ಉತ್ಸವ, 2000ದಲ್ಲಿ ಶುರುವಾಗಿ ಪ್ರತಿ ಡಿಸೆಂಬರ್ 1ರಿಂದ 10ರವರೆಗೆ ಕಿಸಾಮಾದಲ್ಲಿ ನಡೆಯುತ್ತದೆ. 2024ರ ಹಬ್ಬ ಮುಗಿದ ಬೆನ್ನಿಗೇ ನಾಗಾಲ್ಯಾಂಡ್, ಮಣಿಪುರ, ಮಿಜೋರಾಂಗೆ ಹೋಗುವ ವಿದೇಶಿಯರಿಗೆ ಸಂರಕ್ಷಿತ ಪ್ರದೇಶದ ಪರ್ಮಿಟ್ ಮತ್ತೆ ಕಡ್ಡಾಯವಾಯಿತು. ಗಡಿಯ ಪರಿಸ್ಥಿತಿ ಹಾಗಿತ್ತು. ಅದರ ಪೆಟ್ಟು ಬಿದ್ದದ್ದು ಮುಂದಿನ ವರ್ಷದ ಅತಿಥಿಗಳಿಗೆಂದು ಮನೆಯ ಮಹಡಿ ಕಟ್ಟಿಸಿದ ಕೊಹಿಮಾದ ಹೋಂಸ್ಟೇ ಒಡತಿಯರ ಮೇಲೆ. ಪರ್ಮಿಟ್ ಇರಲಿ, ಆದರೆ ಅದು ಮನೆಯಲ್ಲಿ ಕೂತು ಎರಡು ದಿನದಲ್ಲಿ ಪಡೆಯುವಂತಿರಲಿ.

ಹಂಪಿಯಲ್ಲಿ ನಡೆದದ್ದು ನಿಮಗೆ ಗೊತ್ತಿರಬಹುದು. ನದಿಯಾಚೆ ವಿರೂಪಾಪುರ ಗಡ್ಡೆಯಲ್ಲಿ ಬಂಡೆ ಏರುವ ಯುರೋಪು, ಇಸ್ರೇಲಿನ ಹುಡುಗ ಹುಡುಗಿಯರು ಚಳಿಗಾಲ ಕಳೆಯುತ್ತಿದ್ದರು. ಹಗ್ಗ ಇಲ್ಲದೆ ಗ್ರಾನೈಟ್ ಗುಂಡುಗಳನ್ನು ಏರುವ ಬೌಲ್ಡರಿಂಗ್‌ಗೆ ಹಂಪಿಯಷ್ಟು ಒಳ್ಳೆಯ ಜಾಗ ಜಗತ್ತಿನಲ್ಲಿ ಕಡಿಮೆ. ಕೆಳಗೆ ಬಿದ್ದರೆ ಪೆಟ್ಟಾಗದಂತೆ ಹಾಸುವ ದಪ್ಪ ದಿಂಬುಗಳನ್ನು ಬಾಡಿಗೆಗೆ ಕೊಡುವುದೇ ಕೆಲವರ ಜೀವನ ಆಗಿತ್ತು. ಅಲ್ಲಿನ ರೆಸಾರ್ಟುಗಳು ಅನಧಿಕೃತ, 2020ರಲ್ಲಿ ಸುಪ್ರೀಂ ಕೋರ್ಟ್ ತೆರವನ್ನು ಎತ್ತಿಹಿಡಿಯಿತು, ಕಟ್ಟಡಗಳು ಉರುಳಿದವು. ವಿಶ್ವ ಪರಂಪರೆಯ ತಾಣ ಉಳಿಯಬೇಕು, ತೀರ್ಪು ಸರಿಯಾದದ್ದೇ. ನನ್ನ ತಕರಾರು ತೀರ್ಪಿನ ಹಿಂದಿನ ಮೂವತ್ತು ವರ್ಷಗಳ ಬಗ್ಗೆ. ಅವರು ಯಾಕೆ ಬರುತ್ತಿದ್ದಾರೆ, ಎಲ್ಲಿ ಉಳಿದರೆ ಸ್ಮಾರಕಕ್ಕೂ ತೊಂದರೆ ಇಲ್ಲ, ಊರಿನವರಿಗೂ ಕೆಲಸ ಸಿಗುತ್ತದೆ ಅಂತ ಕೂತು ಯೋಚಿಸಿ ಒಂದು ಅಧಿಕೃತ ಜಾಗ ಕೊಟ್ಟಿದ್ದರೆ ಜೆಸಿಬಿ ಬರುವ ದಿನವೇ ಬರುತ್ತಿರಲಿಲ್ಲ. ಬಾದಾಮಿಯ ಮರಳುಗಲ್ಲಿನ ಗೋಡೆಗಳಿಗೂ ಆರೋಹಿಗಳು ಬರುತ್ತಿದ್ದಾರೆ. ಅಲ್ಲಾದರೂ ಮುಂಚಿತವಾಗಿ ಯೋಚನೆ ಮಾಡಲಿ.

ದುಡ್ಡಿನ ಮಾತು ಬಿಡುವಂತಿಲ್ಲ. 2002ರ 'ಇನ್‌ಕ್ರೆಡಿಬಲ್ ಇಂಡಿಯಾ' ಪ್ರಚಾರ ಭಾರತದ ಚಿತ್ರವನ್ನೇ ಬದಲಿಸಿತು. ಈಗ ಹೊರದೇಶಗಳಲ್ಲಿದ್ದ ಇಂಡಿಯಾ ಟೂರಿಸಂ ಕಚೇರಿಗಳನ್ನು ಮುಚ್ಚಿದ್ದಾರೆ. ವಿದೇಶಿ ಪ್ರಚಾರಕ್ಕೆ ಕೇಂದ್ರ ಬಜೆಟ್ಟಿನಲ್ಲಿ 2024-25ಕ್ಕೆ ಸುಮಾರು 33 ಕೋಟಿ ರೂಪಾಯಿ ಇಟ್ಟಿದ್ದರು, 2025-26ಕ್ಕೆ ಅದು ಸುಮಾರು 3 ಕೋಟಿಗೆ ಇಳಿಯಿತು. ದೊಡ್ಡ ದೇಶದ ದೊಡ್ಡ ಜಾಹೀರಾತಿಗೆ ಅದು ಏನೇನೂ ಸಾಲದು. ನನಗೆ ಇದು ಬೇಸರದ ಸಂಗತಿ. ಆದರೆ ಇಷ್ಟೇ ದುಡ್ಡಲ್ಲೂ ಹಕ್ಕಿ ವೀಕ್ಷಕರ ಮೇಳಗಳಿಗೆ ಬುಗುನ್ ಗೈಡುಗಳನ್ನೇ ಕಳಿಸಬಹುದು. ಯೋಗ ಕಲಿಸುವವರನ್ನು, ಬಂಡೆ ಏರಿಸುವವರನ್ನು ಅವರವರ ಲೋಕದ ಜನರ ಮುಂದೆ ನಿಲ್ಲಿಸಬಹುದು. ಟಿವಿ ಜಾಹೀರಾತು ಒಂದು ಕೋಟಿ ಜನರಿಗೆ ತಲುಪಿದರೂ ಅವರಲ್ಲಿ ಲಿಯೋಸಿಕ್ಲಾ ನೋಡಬೇಕು ಅನ್ನುವವರು ನೂರು ಜನ ಇದ್ದಾರು. ಆ ನೂರು ಜನ ಎಲ್ಲಿ ಸೇರುತ್ತಾರೆ ಅಂತ ಗೈಡಿಗೆ ಗೊತ್ತು.

ನನಗೆ ತುಂಬಾ ಭರವಸೆ ಕೊಟ್ಟ ಜಾಗ ಲಡಾಖಿನ ಹಾನ್ಲೆ. ಸಮುದ್ರಮಟ್ಟದಿಂದ ಸುಮಾರು 4,500 ಮೀಟರ್ ಎತ್ತರದಲ್ಲಿ ಭಾರತೀಯ ಖಗೋಳ ವೀಕ್ಷಣಾಲಯ ಇದೆ. ಅಲ್ಲಿನ 2 ಮೀಟರ್ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುವುದು ಬೆಂಗಳೂರಿನ ಪಕ್ಕದ ಹೊಸಕೋಟೆಯಿಂದ. 2022ರ ಕೊನೆಗೆ ಆ ಪ್ರದೇಶವನ್ನು ಕತ್ತಲೆಯ ಆಕಾಶದ ಮೀಸಲು ತಾಣ ಅಂತ ಘೋಷಿಸಿದರು. ಕತ್ತಲೆಯನ್ನು ಕಾಪಾಡುವುದು ಅಂದರೆ ಹಳ್ಳಿಯವರು ಕಿಟಕಿಗೆ ಪರದೆ ಹಾಕಬೇಕು, ಬೀದಿ ದೀಪಕ್ಕೆ ಮರೆ ಕಟ್ಟಬೇಕು, ವಾಹನದ ಹೆಡ್‌ಲೈಟ್ ತಗ್ಗಿಸಬೇಕು. ಇಷ್ಟೆಲ್ಲ ಮಾಡಲು ಅವರಿಗೇನು ಲಾಭ? ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ಸುತ್ತಲ ಹಳ್ಳಿಗಳ ಇಪ್ಪತ್ತಕ್ಕೂ ಹೆಚ್ಚು ಜನರಿಗೆ, ಅದರಲ್ಲೂ ಹೆಚ್ಚಾಗಿ ಹೆಣ್ಣುಮಕ್ಕಳಿಗೆ, ದೂರದರ್ಶಕ ಕೊಟ್ಟು ಅದನ್ನು ಜೋಡಿಸುವುದು, ನಕ್ಷತ್ರ ಗುರುತಿಸುವುದು, ಬಂದವರಿಗೆ ವಿವರಿಸುವುದು ಕಲಿಸಿದರು. ಮೇಕೆ ಮೇಯಿಸುವ ಮನೆಯ ಹೆಣ್ಣುಮಗಳೊಬ್ಬಳು ರಾತ್ರಿ ತನ್ನ ಅಂಗಳದಲ್ಲಿ ದೂರದರ್ಶಕ ತಿರುಗಿಸಿ ಶನಿಯ ಬಳೆ ತೋರಿಸುತ್ತಾಳೆ, ಅದಕ್ಕೆ ಅತಿಥಿ ದುಡ್ಡು ಕೊಡುತ್ತಾನೆ. ಗಡಿಗೆ ಹತ್ತಿರದ ಪ್ರದೇಶವಾದ್ದರಿಂದ ಅಲ್ಲಿಗೆ ವಿದೇಶಿಯರ ಪ್ರವೇಶಕ್ಕೆ ನಿರ್ಬಂಧಗಳಿವೆ. ಆದರೆ ಇಂಥ ಪ್ರವಾಸವನ್ನು ಹೇಗೆ ಕಟ್ಟಬೇಕು ಅಂತ ಯಾರಾದರೂ ಕೇಳಿದರೆ ನಾನು ತೋರಿಸುವುದು ಇದನ್ನೇ.

ಮಾತು ಮುಗಿದ ಮೇಲೆ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು ಕೇಳಿದಳು: "ಸರ್, ಹೀಗೆಲ್ಲ ಕರೆದು ಜನ ಜಾಸ್ತಿ ಬಂದರೆ, ಅವರು ನೋಡಲು ಬಂದದ್ದೇ ಹಾಳಾಗುವುದಿಲ್ಲವಾ?"

ಆಗುತ್ತದೆ. ಎಷ್ಟು ಜನ ಅನ್ನುವುದನ್ನು ಮೊದಲ ದಿನವೇ ತೀರ್ಮಾನಿಸದಿದ್ದರೆ ಖಂಡಿತ ಆಗುತ್ತದೆ. ರುವಾಂಡಾದಲ್ಲಿ ಒಂದು ಗೊರಿಲ್ಲಾ ಕುಟುಂಬವನ್ನು ನೋಡಲು ದಿನಕ್ಕೆ ಎಂಟೇ ಜನ, ಒಂದೇ ಗಂಟೆ. 2017ರಿಂದ ಅದಕ್ಕೆ ತಲೆಗೆ 1,500 ಡಾಲರ್. ಪಾರ್ಕಿನ ಆದಾಯದಲ್ಲಿ ಶೇ. 10 ಸುತ್ತಲಿನ ಹಳ್ಳಿಗಳಿಗೆ ಹೋಗುತ್ತದೆ. ಅಳಿದೇಹೋಗುತ್ತವೆ ಅಂದುಕೊಂಡಿದ್ದ ಬೆಟ್ಟದ ಗೊರಿಲ್ಲಾಗಳು ಇವತ್ತು ಜಗತ್ತಿನಲ್ಲಿ ಒಂದು ಸಾವಿರ ದಾಟಿವೆ. ಭೂತಾನ್ ಕೂಡ ಪ್ರವಾಸಿಯಿಂದ ದಿನದ ಲೆಕ್ಕದಲ್ಲಿ ಶುಲ್ಕ ಪಡೆಯುತ್ತದೆ, 2022ರಲ್ಲಿ 200 ಡಾಲರ್ ಇತ್ತು, ಮರುವರ್ಷ 100ಕ್ಕೆ ಇಳಿಸಿತು. ಬೆಲೆಯಿಂದಲೇ ಜನರನ್ನು ತಡೆಯುವ ದಾರಿ ನಮಗೆ ಪೂರ್ತಿ ಒಪ್ಪಿಗೆಯಾಗುವುದು ಕಷ್ಟ. ನಮ್ಮ ಕಾಡು, ನಮ್ಮ ಬೆಟ್ಟ ನಮ್ಮ ಸಾಮಾನ್ಯ ಜನರಿಗೂ ಸಿಗಬೇಕು. ಹಾಗಾಗಿ ನನ್ನ ಒಲವು ಸಂಖ್ಯೆಗೆ ಮಿತಿ ಹಾಕುವುದರ ಕಡೆ, ಬಂದ ದುಡ್ಡು ಒಂದೇ ಕೈ ಸೇರದಂತೆ ನೋಡಿಕೊಳ್ಳುವುದರ ಕಡೆ. ಲಡಾಖಿನ ಹೆಮಿಸ್ ರಾಷ್ಟ್ರೀಯ ಉದ್ಯಾನದ ಹಳ್ಳಿಗಳಲ್ಲಿ ಅದನ್ನು ಆಗಲೇ ಮಾಡಿ ತೋರಿಸಿದ್ದಾರೆ. ಹಿಮಚಿರತೆ ನೋಡಲು ಚಳಿಗಾಲದಲ್ಲಿ ಬರುವವರನ್ನು ಸರದಿಯ ಮೇಲೆ ಮನೆಮನೆಗೆ ಹಂಚುತ್ತಾರೆ. ಇವತ್ತಿನ ಅತಿಥಿ ಈ ಮನೆಗೆ, ನಾಳೆ ಬರುವವರು ಪಕ್ಕದ ಮನೆಗೆ. ಕುರಿದೊಡ್ಡಿಗೆ ಚಿರತೆ ನುಗ್ಗದಂತೆ ಮೇಲೆ ತಂತಿ ಬಲೆ ಹಾಕಿಸಿಕೊಂಡಿದ್ದಾರೆ. ಮೊದಲು ಕುರಿ ಸತ್ತಾಗ ಚಿರತೆಯನ್ನು ಹುಡುಕಿ ಕೊಲ್ಲುತ್ತಿದ್ದ ಮನೆಗಳೇ ಈಗ ಅದರ ಹೆಜ್ಜೆ ಗುರುತು ಹುಡುಕಿ ಅತಿಥಿಗೆ ತೋರಿಸುತ್ತವೆ.